ಮುಯ್ಯಿ ಪುಸ್ತಕದಲ್ಲಿ ಇಲ್ಲದ ಹೆಸರು

ಪರದೇಶದಿಂದ ಪಾಠ ಹೇಳಲು ಬಂದವರಿಗೆ ನಮ್ಮ ಕಡೆ ಮರ್ಯಾದೆ ಸಿಗುವುದು ಸುಲಭ, ಸ್ನೇಹ ಸಿಗುವುದು ಕಷ್ಟ. ಭಾಷೆ ಬರುವುದಿಲ್ಲ, ಊಟ ಒಗ್ಗುವುದಿಲ್ಲ, ನಡೆನುಡಿ ಬೇರೆ ಎಂದು ನಾವು ಕಾರಣ ಕೊಡುತ್ತೇವೆ. ಆದರೆ ದೊಡ್ಡ ಅಡ್ಡಿ ನಮ್ಮ ಆತಿಥ್ಯವೇ ಎಂದು ನನಗನ್ನಿಸುತ್ತದೆ.

ಸ್ನೇಹದ ಈ ಪ್ರಶ್ನೆಗೂ ನಮ್ಮ ರಾಮನಗರ ಕಡೆಯ ಬೆಟ್ಟಗಳಿಗೂ ಒಂದು ನಂಟಿದೆ. ಇ.ಎಂ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿ ಪ್ರಕಟವಾದದ್ದು 1924ರಲ್ಲಿ. ಅದರಲ್ಲಿ ಫೀಲ್ಡಿಂಗ್ ಎಂಬ ಇಂಗ್ಲಿಷ್ ಮೇಷ್ಟರು ಒಂದು ಸರ್ಕಾರಿ ಕಾಲೇಜಿನ ಪ್ರಾಂಶುಪಾಲರು, ಅಜೀಜ್ ಆ ಊರಿನ ಡಾಕ್ಟರು. ಇವರಿಬ್ಬರೂ ಗೆಳೆಯರಾಗಿ ಉಳಿಯಬಲ್ಲರೆ ಎಂಬುದೇ ಕಥೆಯ ಉದ್ದಕ್ಕೂ ಕಾಡುವ ಪ್ರಶ್ನೆ. ಈಗಲ್ಲ, ಇಲ್ಲಲ್ಲ ಎಂಬಂಥ ಉತ್ತರದೊಂದಿಗೆ ಕಾದಂಬರಿ ಮುಗಿಯುತ್ತದೆ. ಡೇವಿಡ್ ಲೀನ್ 1984ರಲ್ಲಿ ಇದನ್ನು ಸಿನಿಮಾ ಮಾಡಿ ತೆರೆಗೆ ತಂದಾಗ, ಕಥೆಯ ಮಾರಬಾರ್ ಗುಹೆಗಳಾಗಿ ಕಾಣಿಸಿಕೊಂಡದ್ದು ಮಾಗಡಿಯ ಸಾವನದುರ್ಗ ಮತ್ತು ರಾಮನಗರದ ಬಂಡೆಗಳು. ಫಾರ್ಸ್ಟರ್ ಕಂಡ ಅಡ್ಡಿ ಸಾಮ್ರಾಜ್ಯ. ಆಳುವವನೂ ಆಳಿಸಿಕೊಳ್ಳುವವನೂ ಗೆಳೆಯರಾಗಲಾರರು. ಆದರೆ ಸಾಮ್ರಾಜ್ಯ ಹೋಗಿ ಮುಕ್ಕಾಲು ಶತಮಾನ ದಾಟಿದೆ. ಪರದೇಶದ ಮೇಷ್ಟರು ಮಾತ್ರ ಇಂದಿಗೂ ಮುಂದಿನ ಸಾಲಿನ ಕುರ್ಚಿಯಲ್ಲೇ ಕೂತಿದ್ದಾರೆ. ಅಂದಮೇಲೆ ಅಡ್ಡಿ ಬೇರೆ ಏನೋ ಇರಬೇಕು.

ಅವರು ಬಂದ ಮೊದಲ ವಾರ ನಡೆಯುವುದನ್ನು ಗಮನಿಸಿ. ಕಾಫಿ, ಸೆಲ್ಫಿ, ರಾಜ್ಯೋತ್ಸವಕ್ಕೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ನೆನಪಿಗೆಂದು ಚನ್ನಪಟ್ಟಣದ ಬೊಂಬೆ. ಇದರ ನಡುವೆ ಯಾರೋ ಅಜ್ಜಿ ಕೇಳುತ್ತಾರೆ: ‘ಮದ್ವೆ ಆಗಿದ್ಯಾ? ಮಕ್ಳೆಷ್ಟು? ಸಂಬ್ಳ ಎಷ್ಟ್ ಕೊಡ್ತಾರೆ?’ ಬಂದವರಿಗೆ ಇದು ಮುಜುಗರ. ಜೊತೆಯಲ್ಲಿರುವ ನಮ್ಮವರೂ ನಾಚಿಕೊಂಡು ಅಜ್ಜಿಯನ್ನು ಸುಮ್ಮನಿರಿಸುತ್ತಾರೆ. ನನಗೆ ಕೇಳಿದರೆ, ಅಷ್ಟೂ ಸತ್ಕಾರದಲ್ಲಿ ಸ್ನೇಹಕ್ಕೆ ಹತ್ತಿರವಾದದ್ದು ಆ ಪ್ರಶ್ನೆಗಳೇ. ಪಕ್ಕದ ಬೀದಿಗೆ ಬಂದ ಹೊಸ ಸೊಸೆಯನ್ನೂ ಅಜ್ಜಿ ಹೀಗೇ ಕೇಳಿರುತ್ತಾರೆ. ಶಾಲು ಹೊದಿಸಿದವರು ದೂರ ಕೂರಿಸಿದರು, ಸಂಬಳ ಕೇಳಿದವರು ಎಲ್ಲರೊಂದಿಗೆ ಸೇರಿಸಿಕೊಂಡರು.

ಇನ್ನು ಮದುವೆಗೆ ಬನ್ನಿ. ಕಲ್ಯಾಣ ಮಂಟಪದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಮುಯ್ಯಿ ಬರೆಯಲು ಕೂತಿರುತ್ತಾರೆ. ಹೆಸರು, ಊರು, ಮೊತ್ತ. ನಾಳೆ ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಆ ಪುಸ್ತಕ ಬಿಚ್ಚಿ ನೋಡುತ್ತಾರೆ. ಬಂದದ್ದಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಹೋಗಬೇಕು. ಪರದೇಶದ ಮೇಷ್ಟರು ಜೇಬಿಗೆ ಕೈ ಹಾಕಿದರೆ ನಾವು ಹೇಳುವ ಮಾತು: ‘ಅಯ್ಯೋ, ನಿಮ್ದು ಬೇಡ ಸಾರ್. ನೀವ್ ಬಂದಿದ್ದೇ ದೊಡ್ದು.’ ಪ್ರೀತಿಯ ಮಾತೇ, ಅನುಮಾನವಿಲ್ಲ. ಆದರೆ ನಿಮ್ಮ ಋಣ ನಮಗೆ ಬೇಡ, ನಿಮ್ಮ ಮನೆಯ ಕಾರ್ಯಕ್ಕೆ ನಾವು ಬರುವುದೂ ಇಲ್ಲ ಎಂಬ ಅರ್ಥ ಅದರೊಳಗೇ ಇದೆ.

ಲೆಕ್ಕ ಇಟ್ಟರೆ ಅದೆಂಥ ಸ್ನೇಹ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಮುಯ್ಯಿಯ ಲೆಕ್ಕ ಅಂಗಡಿಯ ಲೆಕ್ಕದ ಹಾಗೆ ಚುಕ್ತಾ ಆಗುವುದಕ್ಕೆ ಇರುವುದಲ್ಲ. ಪ್ರತಿ ಸಲ ಒಂದಿಷ್ಟು ಹೆಚ್ಚು ಕೊಡುವುದರಿಂದ ಬಾಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆಯೇ ಹೊರತು ತೀರುವುದಿಲ್ಲ. ಫ್ರೆಂಚ್ ಚಿಂತಕ ಮಾರ್ಸೆಲ್ ಮಾಸ್ 1925ರಲ್ಲಿ ಕೊಡುಗೆಯ ಕುರಿತು ಬರೆದ ಪ್ರಬಂಧದಲ್ಲಿ, ಕೊಡುವುದು ಮಾತ್ರವಲ್ಲ, ತೆಗೆದುಕೊಳ್ಳುವುದೂ ಹಿಂದಿರುಗಿಸುವುದೂ ಕಡ್ಡಾಯವೆಂದು ಹಲವು ಸಮಾಜಗಳ ಉದಾಹರಣೆಗಳಿಂದ ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಇದು ಯಾರೂ ಹೇಳಿಕೊಡದೆ ಗೊತ್ತಿರುವ ಸಂಗತಿ. ಬರೀ ಕೊಟ್ಟು ಏನನ್ನೂ ಪಡೆಯದವನು ದಾನಿಯಾಗುತ್ತಾನೆ, ನೆಂಟನಾಗುವುದಿಲ್ಲ.

ಎರಡು ವರ್ಷದ ವೀಸಾ ಮುಗಿದರೆ ಹೊರಟುಹೋಗುವವರ ಜೊತೆ ಎಂಥ ಋಣ ಎಂಬುದು ಇನ್ನೊಂದು ಆಕ್ಷೇಪ. ಹೋಗುವವರೊಂದಿಗೆ ಕೊಡುಕೊಳ್ಳುವಿಕೆ ಸಾಧ್ಯ ಎಂಬುದಕ್ಕೆ ಈ ನೆಲದ ರೇಷ್ಮೆಯೇ ಸಾಕ್ಷಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ (1912-18) ಕಾಲದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ರೇಷ್ಮೆ ತಜ್ಞರನ್ನು ಕರೆಸಿತು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಶುರುವಾದದ್ದೂ ಆಗಲೇ. 1991ರಿಂದ ಜಪಾನಿನ ಪರಿಣತರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ದ್ವಿತಳಿ ಎಂಬ ಬಗೆಯ ರೇಷ್ಮೆಹುಳುವಿನ ಸಾಕಣೆಯನ್ನು ಕಲಿಸಿದರು. ದ್ವಿತಳಿಯ ನೂಲು ಚೆನ್ನ, ಆದರೆ ಹುಳು ನಾಜೂಕು. ನಮ್ಮ ಬಿಸಿಲಿಗೂ ರೈತನ ಕೈಯಲ್ಲಿರುವ ಕಾಸಿಗೂ ಬಗ್ಗುವುದು ಕಷ್ಟ. ಹೀಗಾಗಿ ಕರ್ನಾಟಕದ ರೈತರು ಹೆಚ್ಚಾಗಿ ಸಾಕುವುದು ಇಂದಿಗೂ ಮಿಶ್ರತಳಿಯನ್ನು. ಅದರ ತಾಯಿ ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಪ್ರದೇಶದಲ್ಲಿ ಉಳಿಸಿಕೊಂಡು ಬಂದ ಮೈಸೂರು ತಳಿ, ತಂದೆ ದ್ವಿತಳಿ. ಕಲಿಸಲು ಬಂದವರ ವಿದ್ಯೆ ಇಲ್ಲಿ ನಿಂತದ್ದು ಇಲ್ಲಿನದನ್ನೂ ಸೇರಿಸಿಕೊಂಡಾಗ. ಇದಕ್ಕೆ ಎದುರಾಗಿ, ಹೆಸರಿನ ಗೌರವ ಮಾತ್ರ ಪಡೆದ ಬ್ಯಾರಿ ಕ್ಲೋಸ್ ಅವರನ್ನು ನೋಡಿ. ಆ ಬ್ರಿಟಿಷ್ ರೆಸಿಡೆಂಟರ ಹೆಸರಿನಲ್ಲಿ ರಾಮನಗರ ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ಈಗ ಆ ಹೆಸರು ಭೂವಿಜ್ಞಾನಿಗಳು ಇಲ್ಲಿನ ಗ್ರಾನೈಟಿನ ಬಗ್ಗೆ ಮಾತಾಡುವಾಗ ಮಾತ್ರ ಕೇಳಿಸುತ್ತದೆ.

ಹುಳ ಹಣ್ಣಾಗುವ ದಿನ ಹುಳುಮನೆಯಲ್ಲಿ ಏನು ನಡೆಯುತ್ತದೆಂದು ರೈತರಿಗೆ ಗೊತ್ತು. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಹಂತ, ದಾಟಿದ ಹುಳ ಸೊಪ್ಪು ಬಿಟ್ಟು, ಮೈ ಹೊಳಪೇರಿ, ತಲೆಯೆತ್ತಿ ಆಡಿಸುತ್ತದೆ. ಗಂಟೆಗಳ ಲೆಕ್ಕದಲ್ಲಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡದಿದ್ದರೆ ನೂಲು ಹಾಳು. ನೆರೆಹೊರೆಯವರು ಮುಯ್ಯಾಳಾಗಿ ಬರುತ್ತಾರೆ, ಮಕ್ಕಳು ಶಾಲೆಗೆ ಚಕ್ಕರ್ ಹಾಕುತ್ತಾರೆ. ಹುಡುಗರು ಯಾಕೆ ಬಂದಿಲ್ಲವೆಂದು ಪರದೇಶದ ಮೇಷ್ಟರು ಮನೆಗೇ ಬಂದರು ಎಂದುಕೊಳ್ಳೋಣ. ಆ ಗಡಿಬಿಡಿಯಲ್ಲೂ ಯಾರೋ ಒಬ್ಬರು ಕೆಲಸ ಬಿಟ್ಟು ಜಗಲಿಗೆ ಕುರ್ಚಿ ತಂದು ಹಾಕುತ್ತಾರೆ. ಅದರ ಬದಲು ಮನೆಯಾಕೆ, ‘ಕೈ ತೊಳ್ಕೊಂಡ್ ಬನ್ನಿ ಸಾರ್, ಈ ತಟ್ಟೇದ್ ನೀವ್ ಆರ್ಸಿ’ ಎಂದರೆ? ಸೋಂಕಿನ ಭಯಕ್ಕೆ ಅನ್ಯರನ್ನು ಒಳಗೆ ಬಿಡದ ಹುಳುಮನೆಗೆ ಕರೆದರಲ್ಲ, ಅದಕ್ಕಿಂತ ದೊಡ್ಡ ಸನ್ಮಾನ ಯಾವ ವೇದಿಕೆಯಲ್ಲೂ ಆಗದು.

ನಮ್ಮ ಆತಿಥ್ಯದ ಬಗ್ಗೆ ಒಂದು ಕಹಿ ಮಾತನ್ನೂ ಹೇಳಬೇಕು. ಪರದೇಶದವರಿಗೆ ಮನೆ ಬಾಡಿಗೆಗೆ ಕೊಡಲು ಪೈಪೋಟಿ ನಡೆಸುವ ಬೀದಿಯೇ, ಪಕ್ಕದ ತಾಲ್ಲೂಕಿನಿಂದ ವರ್ಗವಾಗಿ ಬಂದ ದಲಿತ ಮೇಷ್ಟರಿಗೆ ‘ನೀವು ಯಾವ ಜನ?’ ಎಂದು ಕೇಳಿ, ಮನೆ ಖಾಲಿ ಇಲ್ಲ ಎನ್ನುತ್ತದೆ. ಬಹು ದೂರದಿಂದ ಬಂದವರನ್ನು ಪ್ರೀತಿಸುವುದಕ್ಕೆ ನಾವು ಏನನ್ನೂ ಬಿಟ್ಟುಕೊಡಬೇಕಿಲ್ಲ. ಅವರು ನಮ್ಮ ಜಾತಿಯ ಲೆಕ್ಕದಲ್ಲಿಲ್ಲ, ಜಗಳದ ಲೆಕ್ಕದಲ್ಲೂ ಇಲ್ಲ. ಹತ್ತಿರದವರಿಗೆ ತೆರೆಯದ ಬಾಗಿಲು ದೂರದವರಿಗೆ ತೆರೆದರೆ ಅದನ್ನು ಔದಾರ್ಯ ಎನ್ನಲಾಗದು. ಪರದೇಶದ ಮೇಷ್ಟರು ನಿಜವಾಗಿ ಊರಿನವರಾಗಬೇಕಾದರೆ ಊರು ಮೊದಲು ತನ್ನವರಿಗೆಲ್ಲ ಊರಾಗಬೇಕು.

ಪಾಠ ಹೇಳಲು ಬಂದವರಿಗೆ ನನ್ನ ಸಲಹೆ ಇಷ್ಟೆ: ಎಲ್ಲವನ್ನೂ ದುಡ್ಡು ಕೊಟ್ಟು ತರಿಸಿಕೊಳ್ಳಬೇಡಿ, ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಸಾಲ ಕೇಳಿ. ನಮ್ಮವರಲ್ಲಿ ನನ್ನ ಮನವಿ: ಪೇಟ, ಶಾಲು ಇರಲಿ, ಬೇಡ ಎನ್ನುವುದಿಲ್ಲ. ಆದರೆ ಮುಂದಿನ ಮದುವೆಯಲ್ಲಿ ಅವರ ಮುಯ್ಯಿಯನ್ನು ಕೈನೀಡಿ ತೆಗೆದುಕೊಂಡು ಪುಸ್ತಕದಲ್ಲಿ ಹೆಸರು ಬರೆಯಿರಿ. ಅವರ ಮನೆಯ ಕಾರ್ಯ ಯಾವ ದೇಶದಲ್ಲೇ ಆಗಲಿ, ಮರೆಯದೆ ಮುಯ್ಯಿ ಕಳಿಸಿ.