ಇಂದಿನ ಧಮ್ಮ ಚಿಂತನೆ: ಫೋಟೋದಲ್ಲಿ ಕಾಣದವರು ಯಾರು?



ಎಲ್ಲಾದರೂ ನಮ್ಮವರ ಮೇಲೆ ದೌರ್ಜನ್ಯ ನಡೆದರೆ ಸ್ವಲ್ಪ ಹೊತ್ತಿಗೇ ಫೋಟೋ ನಮ್ಮ ಮೊಬೈಲಿಗೆ ಬರುತ್ತದೆ. ಅಳುವ ತಾಯಿ, ಪೆಟ್ಟು ತಿಂದ ಹುಡುಗ. ಮರುಗುತ್ತೇವೆ, ಸ್ಟೇಟಸ್ ಹಾಕುತ್ತೇವೆ. ಇದು ಸರಿಯೇ? ಫೋಟೋ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ, ಸಾಕ್ಷಿ ಬೇಕು ಎಂಬುದೂ ನಿಜ. ಆದರೆ ಆ ಫೋಟೋದಲ್ಲಿ ಪೆಟ್ಟು ತಿಂದವರಿದ್ದಾರೆ, ಹೊಡೆದವರಿಲ್ಲ. ದುಃಖವಿದೆ, ದುಃಖದ ಕಾರಣವಿಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ 1901ರ ತಮ್ಮ ಬಾಲ್ಯದ ಪ್ರಯಾಣವನ್ನು ಹೇಳಿದ್ದಾರೆ. ತಂದೆಯಿದ್ದ ಗೋರೆಗಾಂವಿಗೆ ಹೊರಟ ಮಕ್ಕಳು ಹೊಸ ಬಟ್ಟೆ ತೊಟ್ಟು ಮಸೂರ ಸ್ಟೇಷನ್ನಿನಲ್ಲಿ ಇಳಿದರು. ವಿಚಾರಿಸಲು ಬಂದ ಸ್ಟೇಷನ್ ಮಾಸ್ತರ, ಮಹಾರರ ಮಕ್ಕಳೆಂದು ತಿಳಿದೊಡನೆ ದೂರ ಸರಿದ. ದುಪ್ಪಟ್ಟು ಬಾಡಿಗೆ ಕೊಟ್ಟರೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕಾಯಿತು. ಬುತ್ತಿಯಿತ್ತು, ಕುಡಿಯಲು ನೀರು ಸಿಗಲಿಲ್ಲ. ಒಂದರ ಹಿಂದೊಂದು ಚಿತ್ರ ಕಣ್ಣಿಗೆ ಕಟ್ಟುತ್ತದೆ. ಎಲ್ಲಿಯೂ ಕನಿಕರ ಬೇಡುವುದಿಲ್ಲ. ಯಾರು ಏನು ಮಾಡಿದರು ಎಂಬುದನ್ನು ಮುಂದಿಡುತ್ತಾರೆ.

ಗೊಂಡ ಕಲಾವಿದ ದಂಪತಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಬಾಬಾಸಾಹೇಬರ ಇಂಥ ಅನುಭವಗಳನ್ನು 'ಭೀಮಾಯನ' (2011) ಪುಸ್ತಕದಲ್ಲಿ ಕೈಯಿಂದ ಚಿತ್ರಿಸಿದ್ದಾರೆ. ಅದರಲ್ಲಿ ಮೃದು ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ವಿಷ ಎಲ್ಲಿಂದ ಬಂತೆಂದು ಓದು ಬಾರದ ಮಗುವಿಗೂ ತಿಳಿಯುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿ ಜಮಖಂಡಿ, ಮುಧೋಳ ಭಾಗದ ಊರುಗಳಿಗೆ ನೀರು ಹೊಕ್ಕಿತು. ಇಂಥ ಹೊತ್ತಿನ ಫೋಟೋ ಹೇಗಿರುತ್ತದೆಂದು ನಮಗೆಲ್ಲ ಗೊತ್ತು: ಕಿಟ್ ಕೊಡುವವರು ಕ್ಯಾಮೆರಾ ನೋಡುತ್ತಾರೆ, ಪಡೆಯುವ ತಾಯಿ ನೆಲ ನೋಡುತ್ತಾಳೆ. ಆಕೆಯ ಮನೆ ತಗ್ಗಿನಲ್ಲೇ ಏಕಿತ್ತು ಎಂಬ ಪ್ರಶ್ನೆಗೆ ಆ ಫೋಟೋದಲ್ಲಿ ಜಾಗವಿರುವುದಿಲ್ಲ.

ಸಿನಿಮಾದವರು ಶೂಟಿಂಗಿಗೆ ಮೊದಲು ಕಾಗದದ ಮೇಲೆ ಚೌಕ ಹಾಕಿ ದೃಶ್ಯಗಳನ್ನು ಬರೆದುಕೊಳ್ಳುತ್ತಾರೆ. ಅದಕ್ಕೆ ಸ್ಟೋರಿಬೋರ್ಡ್ ಎನ್ನುತ್ತಾರೆ. ನಾವೂ ಫೋಟೋ ಕಳಿಸುವ ಮುಂಚೆ ನಾಲ್ಕು ಆರ್ಯಸತ್ಯಗಳ ಹಾಗೆ ನಾಲ್ಕು ಚೌಕ ಹಾಕೋಣ.

1. ದುಃಖ ಏನು?
2. ಅದಕ್ಕೆ ಕಾರಣ ಯಾವುದು, ಯಾರು?
3. ಅದು ಹೋದರೆ ಬದುಕು ಹೇಗಿರುತ್ತದೆ?
4. ಅದಕ್ಕೆ ದಾರಿ ಯಾವುದು? ದೂರು, ಕಾನೂನು, ಸಂಘಟನೆ?

ಎರಡನೆಯ ಚೌಕ ಖಾಲಿಯಿದ್ದರೆ ಕಳಿಸುವ ಕೈ ತಡೆಯಲಿ. ಹಾಗೆಂದು ಖಚಿತವಿಲ್ಲದ ಹೆಸರು ತುಂಬಿದರೆ ಅದು ಮುಸಾವಾದ, ನಾಲ್ಕನೆಯ ಶೀಲದ ಭಂಗ. ನೊಂದವರ ಒಪ್ಪಿಗೆ ಕೇಳದೆ ಅವರ ಮುಖ ತೋರಿಸುವುದು ಬೇಡ. ಒಪ್ಪದಿದ್ದರೆ ಪೆನ್ಸಿಲ್ ಹಿಡಿಯೋಣ. ಮುಚ್ಚಿದ ಬಾಗಿಲು, ದೂರದಿಂದ ಸುರಿಯುವ ನೀರು, ಬೇರೆ ಇಟ್ಟ ಲೋಟ: ಯಾರ ಮುಖವೂ ಇಲ್ಲದೆ ಅನ್ಯಾಯ ಪೂರ್ತಿ ಕಾಣುತ್ತದೆ.

ಕರುಣೆ ಎಂದರೆ ನೊಂದವರನ್ನು ನೋಡಿ ಮರುಗುವುದಷ್ಟೇ ಅಲ್ಲ, ಅವರ ಮರ್ಯಾದೆ ಕಾಯುವುದೂ ಹೌದು. ಇಂದು ಸಂಜೆ ವಂದನೆಯ ನಂತರ ನಿಮ್ಮ ಮೊಬೈಲಿನ ಒಂದು ಫೋಟೋ ತೆಗೆದು ಮನೆಯವರೆಲ್ಲ ಕೂಡಿ ಕೇಳಿಕೊಳ್ಳಿರಿ: ಇದರಲ್ಲಿ ಕಾಣದವರು ಯಾರು?