ಹೊಲದ ಅಂಚಿನಲ್ಲಿ ಕಾಣುವ ದೇವರು

ಬೆಟ್ಟ ಹತ್ತಿ ಬಂದ ಭಕ್ತನು ಮೊದಲು ದೇವರಿಗೆ ಕೈಮುಗಿಯುತ್ತಾನೆ. ಆಮೇಲೆ ಬಂಡೆಯ ನೆರಳಿಗೆ ಕೂತು, ಬೆವರು ಒರೆಸಿಕೊಂಡು ಕೆಳಗೆ ನೋಡುತ್ತಾನೆ. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆ ನೀರು ಹರಿದು ಭತ್ತದ ಗದ್ದೆಗಳು ಹಸಿರಾಗಿವೆ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯ ಒಕ್ಕಲಿಗನು ಮುಗಿಲು ನೋಡಿ ಬಿತ್ತಬೇಕು. ಮಳೆ ಕೈಕೊಟ್ಟರೆ ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋಗಬೇಕು.

"ದೇವರು ಒಬ್ಬರಿಗೆ ಕೊಡ್ತಾನ, ಇನ್ನೊಬ್ಬರಿಗೆ ಕೊಡಂಗಿಲ್ಲ. ಅವನ ಗುಣಾ ಎಂಥಾದ್ದು?" ಎಂದು ನೊಂದವರು ಕೇಳುತ್ತಾರೆ. ಇದು ನಾಸ್ತಿಕರ ಮಾತಲ್ಲ. ದೇವರನ್ನು ನಂಬಿದವರೇ ಹೀಗೆ ಕೇಳುವುದು. ಕ್ರೈಸ್ತರ ಸತ್ಯವೇದದಲ್ಲಿ ಇದೇ ಮಾತನ್ನು ಬಾಯಿಬಿಟ್ಟು ಆಡಿದ ಒಬ್ಬ ಮುದುಕಿಯ ಕಥೆ ಉಂಟು. ಅದು ನಾಲ್ಕೇ ಅಧ್ಯಾಯದ ರೂತಳ ಪುಸ್ತಕ. ಕನ್ನಡದ ಬೈಬಲ್ ಸಿದ್ಧವಾದದ್ದೂ ದೂರದಲ್ಲೇನಲ್ಲ. ಹೊಳೆಯ ಆಚೆಯ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಈ ಕೆಲಸ ಹಿಡಿದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು.

ಕಥೆ ನಡೆಯುವುದು ಬೇತ್ಲೆಹೇಮಿನಲ್ಲಿ. ಆ ಹೆಸರಿಗೆ ಇಬ್ರಿಯ ಭಾಷೆಯಲ್ಲಿ 'ರೊಟ್ಟಿಯ ಮನೆ' ಎಂದರ್ಥ. ರೊಟ್ಟಿಯ ಮನೆಗೇ ಬರ ಬಿತ್ತು. ನೊವೊಮಿ ಎಂಬಾಕೆ ಗಂಡ ಮತ್ತು ಇಬ್ಬರು ಗಂಡುಮಕ್ಕಳ ಜೊತೆ ಮೋವಾಬ್ ದೇಶಕ್ಕೆ ಗುಳೆ ಹೋದಳು. ಪರದೇಶದಲ್ಲಿ ಗಂಡ ತೀರಿದ. ಮಕ್ಕಳು ಅಲ್ಲಿಯ ಹೆಣ್ಣುಗಳನ್ನೇ ಮದುವೆಯಾದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರೂ ಸತ್ತರು. ನೊವೊಮಿ ಬರಿಗೈಯಲ್ಲಿ ಊರಿಗೆ ಹೊರಟಳು. ಹಿರಿಸೊಸೆ, ಕಿರಿಸೊಸೆ ಇಬ್ಬರಿಗೂ ತವರಿಗೆ ಹೋಗಿರೆಂದು ಹೇಳಿದಳು. ರೂತಳು ಮಾತ್ರ ಅತ್ತೆಯ ಕೈ ಬಿಡಲಿಲ್ಲ. ಊರ ಹೆಂಗಸರು ಗುರುತು ಹಿಡಿದು ಮಾತಾಡಿಸಿದರೆ, ನೊವೊಮಿ ತನ್ನನ್ನು ಇನ್ನು ಆ ಹೆಸರಿನಿಂದ ಕರೆಯಬೇಡಿರೆಂದಳು. ನೊವೊಮಿ ಎಂದರೆ ಸುಖವಂತೆ. ತಾನೀಗ ಮಾರಾ, ಅಂದರೆ ಕಹಿ ಉಂಡವಳು. ದೇವರ ಕೈ ತನಗೆ ಎದುರಾಯಿತು ಎಂದಳು.

ಇಲ್ಲಿ ಭಕ್ತರು ಒಂದು ವಿಷಯ ಗಮನಿಸಬೇಕು. ಆ ಮಾತಿಗೆ ಪುಸ್ತಕವು ಅವಳನ್ನು ಗದರಿಸುವುದಿಲ್ಲ. ಆಕಾಶವಾಣಿಯೂ ಆಗುವುದಿಲ್ಲ. ಬರ ಯಾಕೆ ಬಂತು, ಮಕ್ಕಳು ಯಾಕೆ ಸತ್ತರು ಎಂಬುದಕ್ಕೆ ಕಾರಣವನ್ನೂ ಹೇಳುವುದಿಲ್ಲ. ಅವರು ಊರು ಸೇರಿದ್ದು ಜವೆಗೋಧಿಯ ಸುಗ್ಗಿ ಶುರುವಾದ ಹೊತ್ತಿನಲ್ಲಿ ಎಂದಷ್ಟೇ ತಿಳಿಸುತ್ತದೆ.

ಆ ಜನಕ್ಕೆ ದೇವರು ಮೋಶೆಯ ಮೂಲಕ ಕೊಟ್ಟ ಕಟ್ಟಳೆ ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ. ಪೈರು ಕೊಯ್ಯುವವನು ಹೊಲದ ಅಂಚಿನವರೆಗೆ ಕೊಯ್ಯಬಾರದು. ಬಿದ್ದ ತೆನೆ ಆರಿಸಬಾರದು. ಆ ಹಕ್ಕಲು ಬಡವರಿಗೆ, ಪರದೇಶಿಗಳಿಗೆ ಸೇರಿದ್ದು. ಇದಕ್ಕೆ ದೇವರು ಕೊಡುವ ಕಾರಣ ಪುಣ್ಯವಲ್ಲ, ಲಾಭವಲ್ಲ. ತಾನು ಅವರ ದೇವರಾಗಿದ್ದೇನೆ ಎಂಬುದೇ ಕಾರಣ. ಒಪ್ಪಂದದ ಕೆಳಗೆ ಸಹಿ ಹಾಕಿದ ಹಾಗೆ, ಹಕ್ಕಲಿನ ಕಟ್ಟಳೆಯ ಕೆಳಗೆ ದೇವರು ತನ್ನ ಹೆಸರು ಇಟ್ಟಿದ್ದಾನೆ. ಅವನ ಗುಣ ತಿಳಿಯಬೇಕಾದರೆ ಆ ಅಂಚಿನಲ್ಲಿ ನೋಡಬೇಕು.

ರೂತಳು ಹಕ್ಕಲು ಆಯಲು ಹೋದ ಹೊಲ ಬೋವಜನದು. ಅವನು ಕಟ್ಟಳೆಯಷ್ಟಕ್ಕೇ ನಿಲ್ಲಲಿಲ್ಲ. ಅವಳನ್ನು ಮಗಳೆಂದು ಮಾತಾಡಿಸಿ, ಆಳುಗಳ ಸಾಲಿನಲ್ಲಿ ಕೂರಿಸಿ ಊಟ ಕೊಟ್ಟ. ಕಟ್ಟಿದ ಸಿವುಡಿನಿಂದಲೂ ಬೇಕಂತಲೇ ತೆನೆ ಎಳೆದು ಬಿಡಿರಿ, ಅವಳನ್ನು ಬಯ್ಯಬೇಡಿರಿ ಎಂದು ಆಳುಗಳಿಗೆ ಹೇಳಿದ. ಕೊಡುವುದು ಒಂದು ಗುಣ. ಇಸಗೊಳ್ಳುವವರ ಮಾನ ಕಾಯ್ದು ಕೊಡುವುದು ಅದಕ್ಕಿಂತ ದೊಡ್ಡ ಗುಣ.

ಬೋವಜನು ಅವಳಿಗೆ ಒಂದು ಹರಕೆಯ ಮಾತನ್ನೂ ಹೇಳಿದ. ನೀನು ಯಾವ ದೇವರ ರೆಕ್ಕೆಯ ಆಸರೆಗೆ ಬಂದಿದ್ದೀಯೋ ಅವನೇ ನಿನಗೆ ಪೂರಾ ಪ್ರತಿಫಲ ಕೊಡಲಿ ಎಂದ. ಮುಂದೆ ಸುಗ್ಗಿ ಮುಗಿದು, ಅವನು ಕಣದಲ್ಲಿ ರಾಶಿಯ ಪಕ್ಕ ಮಲಗಿದ್ದಾಗ ರೂತಳು ಬಂದು, ನೀನು ನಮಗೆ ಹತ್ತಿರದ ಬಂಧು, ನಿನ್ನ ಹೊದಿಕೆಯ ಸೆರಗನ್ನು ನನ್ನ ಮೇಲೆ ಹಾಕು ಎಂದು ಬೇಡಿದಳು. ಮದುವೆಯಾಗಿ ಆಸರೆ ಕೊಡು ಎಂಬುದು ಅದರ ಅರ್ಥ. ಇಬ್ರಿಯದಲ್ಲಿ ರೆಕ್ಕೆಗೂ ಬಟ್ಟೆಯ ಸೆರಗಿಗೂ ಒಂದೇ ಶಬ್ದ: 'ಕನಾಫ್'. ದೇವರ ರೆಕ್ಕೆ ನಿನ್ನ ಮೇಲಿರಲಿ ಎಂದವನಿಗೆ, ಆ ರೆಕ್ಕೆ ಈಗ ನಿನ್ನ ಹೆಗಲ ಮೇಲಿದೆ ಎಂದು ಅವಳು ನೆನಪಿಸಿದಂತಾಯಿತು! ಬೋವಜನು ಮರುದಿನವೇ ಊರ ಅಗಸಿಯಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿ, ನ್ಯಾಯವಾಗಿ ಅವಳ ಕೈ ಹಿಡಿದ.

ಅವರಿಗೆ ಹುಟ್ಟಿದ ಓಬೇದನನ್ನು ನೊವೊಮಿ ಎದೆಗೆ ಅವಚಿಕೊಂಡಳು. ಓಬೇದನ ಮೊಮ್ಮಗ ದಾವೀದ ಅರಸ. ಅದೇ ವಂಶದಲ್ಲಿ, ಅದೇ ಬೇತ್ಲೆಹೇಮಿನಲ್ಲಿ ಯೇಸು ಹುಟ್ಟಿದನು. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದ ವಂಶಾವಳಿಯಲ್ಲಿ ಪರದೇಶಿ ರೂತಳ ಹೆಸರೂ ಇದೆ. ತಂದೆಯಾದ ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾನೆ ಎಂದು ಕಲಿಸಿದವನು ಈ ಯೇಸು. ಆದ್ದರಿಂದ ಒಬ್ಬನ ಹೊಲ ಒಣಗಿತೆಂದರೆ ಅವನು ಪಾಪಿ, ಮತ್ತೊಬ್ಬನದು ಬೆಳೆಯಿತೆಂದರೆ ಪುಣ್ಯವಂತ ಎಂದು ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಈ ಮಾತು ನಮ್ಮ ಸೀಮೆಗೆ ಹೊರಗಿನದಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಕಂಡವರನ್ನು ಕರೆದು ಉಣಿಸುವ ನಾಡಿದು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ರೊಟ್ಟಿ ಬರುತ್ತದೆ. ಯಾವ ತಾಯಿ ತಟ್ಟಿದ ರೊಟ್ಟಿ ಯಾರ ಹೊಟ್ಟೆ ಸೇರಿತೆಂದು ಯಾರೂ ಕೇಳುವುದಿಲ್ಲ.

ಬೆಟ್ಟ ಇಳಿಯುವ ಭಕ್ತನು ಮನೆಗೆ ಪ್ರಸಾದ ಒಯ್ಯುತ್ತಾನೆ. ಹಾಗೆಯೇ ಈ ಮಾತನ್ನೂ ಒಯ್ಯಲಿ. ಗುಳೆ ಹೋದವರು ಬರಿಗೈಯಲ್ಲಿ ತಿರುಗಿ ಬಂದಾಗ "ದೇವರು ಅದಾನ ಬಿಡಯವ್ವಾ" ಎಂದು ಹೇಳುವುದು ಸುಲಭ. ಹಾಗೆ ಹೇಳಿದವನು ತನ್ನ ಹೊಲದ ಅಂಚಿನ ನಾಲ್ಕು ತೆನೆ ಬಿಟ್ಟಿದ್ದಾನೆಯೇ ಎಂದು ಹೊರಳಿ ನೋಡಲಿ. ಕಹಿ ಉಂಡವರು ದೇವರ ಗುಣವನ್ನು ಮೊದಲು ಓದುವುದು ಅಲ್ಲಿಯೇ.

ಸರ್ವರಿಗೂ ಒಳಿತಾಗಲಿ.