ವಾಪಸ್ ತಗೊಂಡ ಕತೆ

ನಮ್ಮ ಟೀಮಿಗೆ ಹೊಸದಾಗಿ ಬಂದ ಹಾಸನದ ಹುಡುಗಿ ಹೋದ ಮಳೆಗಾಲದಲ್ಲಿ ಹ್ಯಾರಿ ಪಾಟರ್‌ನ ಏಳೂ ಪುಸ್ತಕ ಓದಿ ಮುಗಿಸಿದಳು. ಮಾರನೇ ದಿನ ಊಟಕ್ಕೆ ಕೂತಾಗ ಮುಖ ಸಪ್ಪಗಿತ್ತು. "ಅಕ್ಕಾ, ಬೇರೆ ಯಾವ ಪುಸ್ತಕ ಹಿಡಿದ್ರೂ ಮನಸ್ಸು ಕೂರ್ತಾ ಇಲ್ಲ. ಏನ್ ಮಾಡ್ಲಿ?" ಅಂದಳು.

ಈ ಕಾಯಿಲೆಗೆ ನನ್ನ ಹತ್ರ ಮದ್ದಿತ್ತು: ಫ್ಯಾನ್ ಫಿಕ್ಷನ್. ಅಂದ್ರೆ, ಒಂದು ಕತೆಯನ್ನು ಹಚ್ಚಿಕೊಂಡ ಓದುಗರು ಅದೇ ಲೋಕ, ಅದೇ ಪಾತ್ರಗಳನ್ನು ಇಟ್ಕೊಂಡು ಪುಕ್ಕಟೆಯಾಗಿ ಬರೆದು ಹಂಚೋ ಕತೆಗಳು. ಟಿಶ್ಯೂ ಪೇಪರ್ ಮೇಲೆ ಮೂರು ಹೆಸರು ಬರೆದುಕೊಡೋಣ ಅಂತ ಪೆನ್ನು ತೆಗೆದೆ. ಎರಡು ಬರೆದೆ. ಮೂರನೆಯದಕ್ಕೆ ಕೈ ನಿಂತಿತು.

ಮೊದಲನೆಯದು ‘ಆಲ್ ದ ಯಂಗ್ ಡ್ಯೂಡ್ಸ್’. 2017-18ರಲ್ಲಿ ಬಂದ 188 ಅಧ್ಯಾಯಗಳ, ಐದು ಲಕ್ಷಕ್ಕೂ ಹೆಚ್ಚು ಪದಗಳ ಕತೆ. ಹ್ಯಾರಿಯ ಅಪ್ಪನ ಗೆಳೆಯ, ಹುಣ್ಣಿಮೆ ರಾತ್ರಿ ತೋಳವಾಗೋ ರೀಮಸ್ ಲೂಪಿನ್‌ನ ಕಣ್ಣಲ್ಲಿ ನಡೆಯುತ್ತೆ. ಆ ನಾಲ್ವರು ಹುಡುಗರ ಶಾಲೆಯ ದಿನಗಳು ರೌಲಿಂಗ್ ಪುಸ್ತಕದಲ್ಲಿ ಅಲ್ಲೊಂದು ಇಲ್ಲೊಂದು ತುಣುಕಾಗಿ ಬರ್ತವೆ. ಇಲ್ಲಿ 1971ರಿಂದ ಶುರುವಾಗಿ ವರ್ಷ ವರ್ಷ ಅವರ ಜೊತೆ ನಾವೂ ಬೆಳೀತೀವಿ. ಯಾರು ಸಾಯ್ತಾರೆ, ಯಾರು ಬೆನ್ನಿಗೆ ಚೂರಿ ಹಾಕ್ತಾರೆ ಅಂತ ನಮಗೆ ಮೊದಲೇ ಗೊತ್ತು. ಅದಕ್ಕೇ ಅವರು ಬಿದ್ದು ಬಿದ್ದು ನಗುವಾಗೆಲ್ಲ ಕರುಳು ಚುರುಕ್ ಅನ್ನುತ್ತೆ.

ಎರಡನೆಯದು ಎಲಿಯೇಜರ್ ಯುಡ್‌ಕೌಸ್ಕಿ 2010ರಿಂದ 2015ರವರೆಗೆ ಬರೆದ ‘ಹ್ಯಾರಿ ಪಾಟರ್ ಆ್ಯಂಡ್ ದ ಮೆಥಡ್ಸ್ ಆಫ್ ರ‍್ಯಾಷನಾಲಿಟಿ’, 122 ಅಧ್ಯಾಯ. ಹ್ಯಾರಿಯ ದೊಡ್ಡಮ್ಮ ಒಬ್ಬ ಆಕ್ಸ್‌ಫರ್ಡ್ ಪ್ರೊಫೆಸರನ್ನು ಮದುವೆಯಾಗಿ, ಹುಡುಗ ವಿಜ್ಞಾನ ಓದ್ಕೊಂಡು ಬೆಳೆದಿದ್ರೆ? ಮಂತ್ರವನ್ನೂ ಪ್ರಯೋಗ ಮಾಡಿ ನೋಡೋ ಹ್ಯಾರಿ ಇವನು. ಮೊದಮೊದಲು ಇವನ ಅತಿಬುದ್ಧಿಗೆ ಎರಡು ಬಾರಿಸೋಣ ಅನ್ಸುತ್ತೆ. ಎಂಜಿನಿಯರುಗಳ ಆಫೀಸಲ್ಲಿ ಕೆಲಸ ಮಾಡೋರಿಗೆ ಅದು ಬೇಗ ರೂಢಿಯಾಗುತ್ತೆ.

ಮೂರನೆಯದರ ಹೆಸರು ಇಲ್ಲೂ ಹೇಳಲ್ಲ. ಐದನೇ ಪುಸ್ತಕದಲ್ಲಿ ಒಂದು ಆಸ್ಪತ್ರೆಯ ದೃಶ್ಯ ಇದೆ. ಚಿತ್ರಹಿಂಸೆಯಿಂದ ಮನಸ್ಸು ಕಳೆದುಕೊಂಡಿರೋ ನೆವಿಲ್‌ನ ತಾಯಿ ಬಂದು ಮಗನ ಕೈಗೆ ಖಾಲಿ ಬಬಲ್ ಗಮ್ ಕಾಗದ ಇಡ್ತಾಳೆ. ಕಸದಬುಟ್ಟಿಗೆ ಹಾಕು ಅಂತಾಳೆ ಅಜ್ಜಿ. ಅವನು ಮೆಲ್ಲಗೆ ಜೇಬಿಗೆ ಹಾಕ್ಕೋತಾನೆ. ಅಷ್ಟೇ. ಒಬ್ಬಾಕೆ ಆ ಕಾಗದಗಳನ್ನೇ ಹಿಡಿದು ಕತೆ ಬರೆದಿದ್ದಳು. ಅವನ್ನೆಲ್ಲ ನೆವಿಲ್ ಎಲ್ಲಿ ಕೂಡಿಡ್ತಿದ್ದ, ಅಮ್ಮ ಏನಾದ್ರೂ ಹೇಳ್ತಿದ್ದಾಳಾ ಅಂತ ಹೇಗೆ ಸಾಲಾಗಿ ಜೋಡಿಸಿ ನೋಡ್ತಿದ್ದ, ಏನೂ ಹೇಳ್ತಿಲ್ಲ ಅಂತ ಯಾವತ್ತು ಒಪ್ಪಿಕೊಂಡ.

ನನ್ನಜ್ಜಿಗೆ ನನ್ನ ಹೆಸರು ಮರೆತುಹೋದ ವರ್ಷ ಅದನ್ನು ಓದಿದ್ದು. ಅಜ್ಜಿ ಆಗ ಕಲ್ಲುಸಕ್ಕರೆ ಅಂದ್ಕೊಂಡು ಸೆರಗಿನ ತುದಿಯಲ್ಲಿ ಏನೇನೋ ಕಟ್ಕೊಂಡಿದ್ದು ನನ್ನ ಕೈಗೆ ಕೊಡ್ತಿದ್ರು: ಅಂಗಿಯ ಗುಂಡಿ, ಮಾತ್ರೆಯ ಖಾಲಿ ಹಾಳೆ. ನಾನು ಎಸೀತಿದ್ದೆ. ಕತೆ ಓದಿದ ಮೇಲೆ ಎಸೆಯೋದು ಬಿಟ್ಟೆ.

ಆ ಲೇಖಕಿಗೆ ಇದನ್ನೆಲ್ಲ ಬರೆದೆ, ಆಕೆ ಎರಡು ಸಾಲು ಉತ್ತರ ಕೊಟ್ಟಳು. ಮುಂದಿನ ವರ್ಷ ನೋಡಿದ್ರೆ ಕತೆಯೂ ಇಲ್ಲ, ಆಕೆಯೂ ಇಲ್ಲ. ಡೌನ್‌ಲೋಡ್ ಮಾಡಿದ್ದ ಪ್ರತಿಯೊಂದು ನನ್ನ ಫೋನಲ್ಲಿ ಉಳಿದಿತ್ತು.

ಅದನ್ನು ಈ ಹುಡುಗಿಗೆ ಕಳಿಸಬಹುದಾ? ಕಳಿಸೋಕೆ ಒಂದು ಕ್ಷಣ ಸಾಕು. ಆದ್ರೆ ಆ ಕತೆ ಇದ್ದದ್ದು ‘ಆರ್ಕೈವ್ ಆಫ್ ಅವರ್ ಓನ್’ನಲ್ಲಿ. 2019ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆದ, ಸ್ವಯಂಸೇವಕರೇ ನಡೆಸೋ ಕತೆಗಳ ಉಗ್ರಾಣ ಅದು. ಬಿಟ್ಟು ಹೋಗೋ ಲೇಖಕರಿಗೆ ಅಲ್ಲೊಂದು ಅನುಕೂಲ ಇದೆ: ಕತೆಯನ್ನು ‘ಅನಾಥ’ ಮಾಡಬಹುದು. ಹೆಸರು ಅಳಿಯುತ್ತೆ, ಕತೆ ಉಳಿಯುತ್ತೆ. ಆಕೆ ಅದನ್ನು ಆರಿಸಲಿಲ್ಲ, ಪೂರ್ತಿ ಅಳಿಸಿದಳು. ಮನೆಯವರಿಗೆ ಗೊತ್ತಾಯ್ತೋ, ಹಳೇ ಬರಹ ಅಂತ ನಾಚಿಕೆಯಾಯ್ತೋ. ಕಾರಣ ಏನೇ ಇರಲಿ, ಅದನ್ನು ನನಗೆ ಒಪ್ಪಿಸಬೇಕಾದ ಸಾಲ ಆಕೆಗಿಲ್ಲ.

ಇನ್ನೊಂದು ಮಗ್ಗುಲೂ ಇದೆ. ತಾನು ಬರೆದದ್ದನ್ನು ಸುಟ್ಟುಹಾಕು ಅಂತ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಹೇಳಿ ಕಾಫ್ಕಾ 1924ರಲ್ಲಿ ತೀರಿಕೊಂಡ. ಬ್ರಾಡ್ ಮಾತು ಮೀರಿದ್ದಕ್ಕೇ ಇವತ್ತು ನಮಗೆ ‘ದ ಟ್ರಯಲ್’ ಸಿಕ್ಕಿದೆ. ನಮ್ಮದೇ ಜನಪದ ಕತೆಯೊಂದನ್ನು ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದಾರೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತೆ, ಯಾರಿಗೂ ಹೇಳಲ್ಲ. ಒಳಗೆ ಉಸಿರುಗಟ್ಟಿದ ಅವೆರಡೂ ಹೊರಗೆ ಬಂದು ಅಂಗಿ, ಚಪ್ಪಲಿಗಳಾಗಿ ಮನೆಬಾಗಿಲಲ್ಲಿ ಕೂತು, ಗಂಡ ಹೆಂಡಿರ ನಡುವೆ ಜಗಳ ಹಚ್ತವೆ. ಕತೆ ಹೇಳೋಕೇ ಇರೋದು, ಬಚ್ಚಿಡೋಕಲ್ಲ. ಇದನ್ನು ನಂಬಿಯೇ ನಾನು ಸಿಕ್ಕಸಿಕ್ಕವರಿಗೆಲ್ಲ ಕತೆ ಶಿಫಾರಸು ಮಾಡ್ತಾ ಓಡಾಡೋದು.

ಆದ್ರೆ ಕಾಫ್ಕಾನಿಗೆ ಇನ್ನು ನೋವಾಗೋ ಹಾಗಿರಲಿಲ್ಲ. ಈಕೆ ಎಲ್ಲೋ ಬದುಕಿದ್ದಾಳೆ. ಜನಪದ ಕತೆಯ ಹೆಂಗಸು ಹೇಳಲೇ ಇಲ್ಲ, ಈಕೆ ಹೇಳಿದ್ದಳು, ನನ್ನಂಥವರ ಹೊಟ್ಟೆ ತುಂಬಿಸಿದ್ದಳು.

ಕೊನೆಗೆ ನನಗೆ ದಾರಿ ತೋರಿಸಿದ್ದು ಆಕೆ ಮಾಡಿದ ಕೆಲಸವೇ. ಆಕೆಯೂ ಇನ್ನೊಬ್ಬರ ಲೋಕದಿಂದ ತಗೊಂಡವಳು. ಆದ್ರೆ ರೌಲಿಂಗ್ ಪುಸ್ತಕವನ್ನು ಜೆರಾಕ್ಸ್ ಮಾಡಿ ಹಂಚಲಿಲ್ಲ. ತನ್ನನ್ನು ಕಾಡಿದ ಒಂದು ಕಾಗದದ ಚೂರನ್ನು ಎತ್ಕೊಂಡು, ತನ್ನ ಮಾತಲ್ಲಿ ಹೇಳಿದಳು. ಆಕೆಯ ಕತೆ ಜೊತೆ ನಾನೂ ಅಷ್ಟೇ ಮಾಡಬಹುದು ಅನ್ನಿಸ್ತು. ಪ್ರತಿ ಕೊಡಲ್ಲ, ಹೆಸರು ಹೇಳಲ್ಲ. ಬಾಯಲ್ಲಿ ಹೇಳ್ತೀನಿ.

ಹೇಳಿದೆ. ಕ್ಯಾಂಟೀನಿನಲ್ಲಿ, ಮೊಸರನ್ನ ಆರುವವರೆಗೆ. ಹೇಳ್ತಾ ಹೇಳ್ತಾ ನನ್ನಜ್ಜಿಯ ಸೆರಗಿನ ಗಂಟೂ ನೆವಿಲ್‌ನ ಜೇಬೂ ಕಲಸಿಹೋದವು. ಹುಡುಗಿ ಸುಮ್ಮನೆ ಕೇಳಿಸ್ಕೊಂಡಳು. ಆಮೇಲೆ, "ಚೆನ್ನಾಗಿದೆ ಅಕ್ಕಾ. ಆದ್ರೆ ಪ್ರತಿ ನಿಮ್ಮ ಹತ್ರ ಮಾತ್ರ ಇರಬಹುದು, ನನಗೆ ಕೊಡೋ ಹಾಗಿಲ್ಲ. ಇದ್ಯಾವ ನ್ಯಾಯ?" ಅಂದಳು.

ಉತ್ತರ ಹೊಳೆಯಲಿಲ್ಲ. ನಿಜಕ್ಕೂ ಆಕೆಯ ಇಚ್ಛೆಗೆ ಬೆಲೆ ಕೊಡೋದಾದ್ರೆ ನನ್ನ ಪ್ರತಿಯನ್ನೂ ಅಳಿಸಬೇಕು. ಹೋದ ತಿಂಗಳು ಫೋನ್ ಬದಲಾಯಿಸಿದೆ. ಹಳೇ ಫೋನಿಂದ ಏನೇನು ಬರಬೇಕು ಅಂತ ಒಂದೊಂದಾಗಿ ಟಿಕ್ ಮಾಡ್ತಾ ಹೋದಾಗ ಆ ಕಡತದ ಮುಂದೆ ಬೆರಳು ನಿಂತಿತು. ಅಜ್ಜಿ ಈಗಿಲ್ಲ. ಅವರು ಕೊಟ್ಟ ಗುಂಡಿಗಳು ಒಂದು ಡಬ್ಬಿಯಲ್ಲಿವೆ.

ಟಿಕ್ ಮಾಡಿದೆ.